ಬಸಣ್ಣ ಸರ್ ಕಿವಿಗೆ ಬಿದ್ದ ಹೊಸ ಭಾಷೆ

ಮೊನ್ನೆ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡುವಾಗ ನಮ್ಮ ಅತ್ತೆಯ ಊದುಗೊಳವೆ ಸಿಕ್ಕಿತು. ಲಕ್ಷ್ಮೇಶ್ವರದಿಂದ ಬಂದಿದ್ದ ನಮ್ಮ ಮೊಮ್ಮಗ ಚಿಂಟ್ಯಾ ಅದನ್ನು ಕೊಳಲೆಂದು ತಿಳಿದು ಬಾಯಿಗಿಟ್ಟು ಊದಿದ. ಎಷ್ಟೋ ವರ್ಷದ ಮಸಿ ಅವನ ತುಟಿಗೆ, ಮೂಗಿಗೆ, ಹೊಸ ಅಂಗಿಯ ಕಾಲರಿಗೆ ಹತ್ತಿತು.

"ಆಯಿ, ಇದರಾಗ ರಾಗಾನ ಬರವಲ್ದು."

"ರಾಗ ಬರೂದಿಲ್ಲೋ, ಬೆಂಕಿ ಬರ್ತೈತಿ. ಒಲಿ ಊದೂದದು."

"ನಿಮ್ಮ ಮನ್ಯಾಗ ಗ್ಯಾಸ್ ಇರಲಿಲ್ಲೇನು?"

"ಇತ್ತು."

"ಮತ್ತ ಯಾಕ ಊದತಿದ್ರಿ?"

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನು ಓಡಿಹೋಗಿದ್ದ. ನನ್ನ ಮಾತಿನ ಹಣೆಬರಹ ಮೊದಲಿನಿಂದಲೂ ಇಷ್ಟೇ. ಅದು ಹೊರಡುವುದರೊಳಗೆ ಕೇಳುವವರು ಎದ್ದು ಹೋಗಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಮಕ್ಕಳೇ. ಕಾಗದ ಎದ್ದು ಹೋಗುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಚಿಂಟ್ಯಾನ ಪ್ರಶ್ನೆಗೆ ಉತ್ತರ ಹೇಳಹೊರಟರೆ ಅದರ ಸಂಗಡ ನಿಮ್ಮ ಸಹನಾ ಅಕ್ಕನ ಆಫೀಸಿನ ಸಂಗತಿಯೂ ಬರುತ್ತದೆ. ಅವೆರಡೂ ನನ್ನ ತಲೆಯಲ್ಲಿ ಒಂದೇ ಕಡೆ ಕೂತಿವೆ. ಎಬ್ಬಿಸಿದರೆ ಎರಡೂ ಏಳುತ್ತವೆ.

ನಾನು ಕಲಿತದ್ದು ಮಾಗಡಿಯ ಶಾಲೆಯಲ್ಲಿ, ಅದೂ ಏಳನೆಯ ಇಯತ್ತೆಯವರೆಗೆ. ಚಳಿಗಾಲದಲ್ಲಿ ನಮ್ಮೂರ ಕೆರೆಗೆ ದೂರದೇಶದ ಹಕ್ಕಿಗಳು ಬರುತ್ತಿದ್ದವು. ನೀವು ಈಗ ಬೈನಾಕ್ಯುಲರ್ ಹಿಡಿದುಕೊಂಡು ನೋಡಲು ಹೋಗುತ್ತೀರಿ. ನಮಗೆ ಅವು ಶೇಂಗಾ ಹೊಲಕ್ಕೆ ಇಳಿಯುವ ಕಳ್ಳರು ಮಾತ್ರ. ಅವುಗಳ ಗದ್ದಲದಲ್ಲಿ ಮಾಸ್ತರರ ಅರ್ಧ ಪಾಠ ಕೇಳಿಸುತ್ತಲೇ ಇರಲಿಲ್ಲ. ಆದರೂ ಅವರು "ತಿಳೀತೇನು?" ಎಂದರೆ ಇಡೀ ವರ್ಗ "ತಿಳೀತ್ರೀ" ಎಂದು ರಾಗ ಎಳೆಯುತ್ತಿತ್ತು. ಆ ರಾಗದಲ್ಲಿ ನನ್ನ ದನಿಯೂ ಇತ್ತು. ಭಾಗಾಕಾರ ಇವತ್ತಿಗೂ ನನಗೆ ಬರುವುದಿಲ್ಲ.

ಅಲ್ಲಿಂದ ಬೆಟಗೇರಿಗೆ ಸೊಸೆಯಾಗಿ ಬಂದೆ. ಪಡಸಾಲೆಯಲ್ಲಿ ಮಗ್ಗ, ಒಳಗೆ ಹೊಗೆ, ಹೊಗೆಯ ನಡುವೆ ನಮ್ಮ ಅತ್ತೆ. ಅವರೇನೂ ಕೆಟ್ಟವರಲ್ಲ, ಆದರೆ ಅಡುಗೆಮನೆಯ ದೊರೆ. ನನ್ನ ಕಣ್ಣುಗಳು ಸದಾ ನೀರಾಡುತ್ತಿದ್ದವು. ಒಂದು ದಿನ ನಿಮ್ಮ ಅಜ್ಜ ಯಾರೂ ಇಲ್ಲದಾಗ ನನ್ನನ್ನು ಕೇಳಿದರು:

"ನೀ ಹೊಗಿಗೆ ಅಳ್ತೀಯೋ, ಖರೇನ ಅಳ್ತೀಯೋ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ಆತು ಬಿಡು. ಮೊದಲ ಹೊಗಿ ತಗಸ್ತೀನಿ. ಆಮ್ಯಾಲೂ ಅತ್ತರ ನೋಡೂಣು."

ಹೀಗೆ ನಮ್ಮ ಮನೆಗೆ ಗ್ಯಾಸು ಬಂತು. ಓಣಿಯವರೆಲ್ಲ ಬಂದು ನೋಡಿಹೋದರು. ಅತ್ತೆ ಮಾತ್ರ ಅದರ ಕಡೆಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತರು. "ಅದರ ಮ್ಯಾಲೆ ಬೆಂದ ರೊಟ್ಟಿ ತಿಂದ್ರ ನನಗ ಹೊಟ್ಟಿ ಉಬ್ಬರಸ್ತೈತಿ" ಎಂದರು. ತಿಂದೇ ಇರಲಿಲ್ಲ, ಹೊಟ್ಟೆ ಮಾತ್ರ ಉಬ್ಬರಿಸಿತು. ನಾನು ಗ್ಯಾಸಿನ ಮೇಲೆ ಚಹ ಮಾಡಿಕೊಟ್ಟರೆ ಕಪ್ಪನ್ನು ಮೂಸಿ ನೋಡಿ, "ಗ್ಯಾಸಿನ ವಾಸನಿ" ಎನ್ನುತ್ತಿದ್ದರು. ಹೊಸದೆಂದರೆ ಅವರಿಗೆ ಆಗದು ಎಂದೇ ಎಲ್ಲರೂ ತಿಳಿದೆವು.

ಒಂದು ಮಧ್ಯಾಹ್ನ ನಾನು ನೀರಿಗೆ ಹೋಗಿ ಹಿತ್ತಲ ಬಾಗಿಲಿನಿಂದ ಬರುತ್ತಿದ್ದೆ. ಒಳಗಿನಿಂದ ಟಿಕ್ ಟಿಕ್ ಎಂದು ಸಪ್ಪಳ ಕೇಳಿಸಿತು. ಇಣುಕಿದರೆ, ಅತ್ತೆ ತೋಳುದ್ದ ದೂರ ನಿಂತು, ಮುಖ ಆಚೆ ತಿರುಗಿಸಿ, ಲೈಟರ್ ಒತ್ತುತ್ತಿದ್ದಾರೆ! ಗುಂಡಿ ತಿರುವಿಯೇ ಇಲ್ಲ. ಬೆಂಕಿ ಎಲ್ಲಿಂದ ಬರಬೇಕು? ಮತ್ತೆ ಮತ್ತೆ ಒತ್ತಿದರು. ಆಮೇಲೆ ಲೈಟರನ್ನು ಇದ್ದಲ್ಲೇ ಇಟ್ಟು, ಅದು ಮೊದಲಿನ ಹಾಗೇ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿ ಸರಿಪಡಿಸಿದರು. ಆ ಸರಿಪಡಿಸಿದ್ದನ್ನು ಕಂಡಾಗ ನನಗೆ ತಿಳಿಯಿತು. ಅವರಿಗೆ ಗ್ಯಾಸು ಬೇಡವಾಗಿರಲಿಲ್ಲ, ಬೇಕಾಗಿತ್ತು. ಸೊಸೆಯ ಮುಂದೆ ನಿಂತು "ಇದನ್ನ ಹೆಂಗ ಹಚ್ಚೂದು?" ಎಂದು ಕೇಳುವುದು ಆಗದಾಗಿತ್ತು.

ನಾನು ಒಳಗೆ ಹೋಗಲಿಲ್ಲ. ಹಿಂದೆ ಸರಿದು ಬಾವಿಕಟ್ಟೆಯ ಹತ್ತಿರ ಕೊಡವನ್ನು ಜೋರಾಗಿ ಕುಕ್ಕಿದೆ. ಒಳಗೆ ಬರುವಾಗ ಅವರು ಒಲೆ ಊದುತ್ತಿದ್ದರು.

ನಮ್ಮ ಕಡೆ ಹಿರಿಯರಿಗೆ ಎದುರು ಕೂತು ಕಲಿಸುವ ಪದ್ಧತಿಯೇ ಇಲ್ಲ. ಅವರ ಕಿವಿಗೆ ಬೀಳುವ ಹಾಗೆ ಇನ್ನೊಬ್ಬರಿಗೆ ಕಲಿಸಬೇಕು. ಮರುದಿನ ನಾನು ಪಕ್ಕದ ಮನೆಯ ಹೊಸ ಸೊಸೆ ಗಂಗವ್ವನನ್ನು ಕರೆದೆ. ಅವಳ ತವರಿನಲ್ಲಿ ಗ್ಯಾಸಿತ್ತು, ನನಗಿಂತ ಚೆನ್ನಾಗಿ ಹಚ್ಚುತ್ತಿದ್ದಳು. ಆದರೂ ಸುಮ್ಮನೆ ನಿಂತು ಕೇಳಲು ಒಪ್ಪಿದಳು. ನಾನು ಜನ್ಮದಲ್ಲಿ ಮಾತಾಡದಷ್ಟು ಗಟ್ಟಿಯಾಗಿ, "ಮೊದಲ ಈ ಗುಂಡಿ ಒಳಗ ಒತ್ತಿ ಎಡಕ್ಕ ತಿರುವಬೇಕವಾ ಗಂಗವ್ವಾ, ಆಮ್ಯಾಲ ಲೈಟರ್" ಎಂದು ಹೇಳಿದೆ. ಅವಳು "ಹೌದನ? ಎಡಕ್ಕನ?" ಎಂದು ಇನ್ನೂ ಗಟ್ಟಿಯಾಗಿ ಕೇಳಿದಳು. ಅತ್ತೆ ಬೆನ್ನು ತಿರುಗಿಸಿ ಕೂತಿದ್ದರು. ಆದರೆ ಊದುವುದು ನಿಂತಿತ್ತು.

ಕೆಲವು ದಿನಗಳ ಮೇಲೆ ಮುಂಜಾನೆ ಎದ್ದು ನೋಡಿದರೆ ಗ್ಯಾಸಿನ ಮೇಲೆ ಹಾಲು ಉಕ್ಕುತ್ತಿತ್ತು. "ಒಲಿ ಹಸಿ ಆಗಿತ್ತು" ಎಂದರು ಅತ್ತೆ. "ಹೌದ್ರಿ" ಎಂದೆ. ಆ ಒಲೆ ಆಮೇಲೆ ಒಣಗಲೇ ಇಲ್ಲ.

ಇಷ್ಟು ಚಿಂಟ್ಯಾನಿಗೆ. ಇನ್ನು ಸಹನಾಳದು.

ನಿಮ್ಮ ಸಹನಾ ಅಕ್ಕ ಕೆಲಸ ಮಾಡುವುದು ಗದಗಿನಲ್ಲಿ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಾಳಿಗೆಯ ಮೇಲಿರುವ ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿ. ಹತ್ತಿ, ಶೇಂಗಾ, ಮೆಣಸಿನಕಾಯಿ ವ್ಯಾಪಾರದವರ ಅಂಗಡಿಗಳಿಗೆ ಬೇಕಾದ ಪ್ರೋಗ್ರಾಮುಗಳನ್ನು ಅಲ್ಲಿ ಬರೆಯುತ್ತಾರೆ. ಕಂಪ್ಯೂಟರಿಗೆ ಕೆಲಸ ಹೇಳಬೇಕಾದರೆ ಅದಕ್ಕೆ ತಿಳಿಯುವ ಭಾಷೆಯಲ್ಲಿ ಬರೆಯಬೇಕಂತೆ. ಅಂಥ ಭಾಷೆ ಒಂದೇ ಅಲ್ಲ, ಬಹಳ ಇವೆಯಂತೆ, ಹೊಸವು ಹುಟ್ಟುತ್ತಲೇ ಇರುತ್ತವಂತೆ. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಳೆಯದು, ಹೊಸದು ಎಂದೇ ಬರೆಯುತ್ತೇನೆ.

ಆ ಆಫೀಸಿನ ಎಲ್ಲ ಕೆಲಸವೂ ಹಳೆಯ ಭಾಷೆಯಲ್ಲಿತ್ತು. ಅದನ್ನು ಬರೆದವರು ಬಸಣ್ಣ ಸರ್. ಮುಂಡರಗಿ ಕಡೆಯವರು, ಐವತ್ತು ದಾಟಿದವರು, ತಲೆ ಬೆಳ್ಳಗಾಗಿದೆ. ಸಹನಾ ಕಾಲೇಜು ಮುಗಿಸಿ ಅಲ್ಲಿಗೆ ಹೋದಾಗ ಅವಳಿಗೆ ಕೆಲಸ ಕಲಿಸಿದವರೂ ಅವರೇ. ಅವಳು ಏನಾದರೂ ಕೆಡಿಸಿದರೆ ಬೈಯುತ್ತಿರಲಿಲ್ಲವಂತೆ. "ಭೇಷ್. ಈಗ ಇದು ಯಾಕ ಕೆಟ್ಟತು ಅಂತ ನೀನ ಹೇಳು" ಎಂದು ಕೈಕಟ್ಟಿ ನಿಲ್ಲುತ್ತಿದ್ದರಂತೆ. ಅವರು ನಿಂತಿದ್ದರೆ ಸಹನಾ ಎಂದೂ ಕುರ್ಚಿಯಲ್ಲಿ ಕೂತವಳಲ್ಲ. ಈಗಿನ ಹುಡುಗಿ, ಜೀನ್ಸ್ ಹಾಕಿಕೊಂಡು ಸ್ಕೂಟಿ ಓಡಿಸುತ್ತಾಳೆ. ಆದರೂ ಸರ್ ಬಂದರೆ ಎದ್ದು ನಿಂತೇ ಕೀ ಒತ್ತುತ್ತಾಳೆ.

ಒಂದು ಸಂಜೆ ಅವಳು ತಾಟಿನ ಮುಂದೆ ಕೂತು ರೊಟ್ಟಿ ಮುರಿಯದೆ ಹಾಗೇ ಇದ್ದಳು. ಪಲ್ಲೆ ಸಪ್ಪಗಾಯಿತೋ ಎಂದು ನಾನು ಉಪ್ಪಿನ ಡಬ್ಬಿ ಸರಿಸಿದೆ.

"ಪಲ್ಲೆ ಬರೋಬ್ಬರಿ ಐತಿ ಆಯಿ. ನನ್ನ ತಲೀನ ಬರೋಬ್ಬರಿ ಇಲ್ಲ."

ಆಗ ಹೇಳಿದಳು. ಸಿಂಗಟಾಲೂರು ಕಡೆಯ ರೈತರದೊಂದು ಸಂಘ. ಕಾಲುವೆಯ ನೀರು ಯಾವ ಹೊಲಕ್ಕೆ ಯಾವಾಗ ಬರುತ್ತದೆ ಎಂಬ ಪಾಳಿ ರೈತರಿಗೆ ಮೊಬೈಲಿನಲ್ಲೇ ಕಾಣಬೇಕು. ಆ ಕೆಲಸ ಇವರ ಆಫೀಸಿಗೆ ಬಂದಿದೆ. ಅದಕ್ಕೆ ಹೊಸ ಭಾಷೆಯೇ ಹೊಂದುತ್ತದೆ, ಹಳೆಯದರಲ್ಲಿ ಬರೆದರೆ ಬಹಳ ತಿಣುಕಬೇಕಾಗುತ್ತದೆ. ಹೊಸದು ಬರುವುದು ಆಫೀಸಿನಲ್ಲಿ ಅವಳೊಬ್ಬಳಿಗೇ. ಮಾಲೀಕರು, "ಹಿಡಿಯೂಣೋ ಬ್ಯಾಡೋ, ನೀನ ಹೇಳು. ದಸರಾದೊಳಗ ಹೇಳು" ಎಂದು ಅವಳ ತಲೆಗೆ ಕಟ್ಟಿದ್ದಾರೆ.

ನನಗೆ ಥಟ್ಟನೆ ನಮ್ಮ ಮಗ್ಗ ನೆನಪಾಯಿತು. ಹೊಸ ಹಾಸನ್ನು, ಅಂದರೆ ಉದ್ದನೆಯ ನೂಲೆಳೆಗಳನ್ನು, ಹೂಡುವಾಗ ಹಳೆಯದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಅದರ ತುದಿ ಉಳಿಸಿಕೊಂಡು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದೇ ಎಳೆಗೆ ಹೊಸ ಎಳೆ ಹೊಸೆದು ಕೂಡಿಸುತ್ತೇವೆ. ಇದನ್ನು ಹೇಳಿ, ಏನೋ ದೊಡ್ಡದು ಹೇಳಿದವಳಂತೆ ಅವಳ ಮುಖ ನೋಡಿದೆ.

"ನಾವೂ ಹಂಗ ಮಾಡ್ತೀವಿ ಆಯಿ. ಹಳೇದನ್ನ ಯಾರೂ ಕೀಳೂದಿಲ್ಲ. ಅದು ಮೊದಲನ ದಿನಾನ ಠರಾವ್ ಆಗೇತಿ."

ನನ್ನ ದೊಡ್ಡ ಮಾತು ಸಾರಿನಲ್ಲಿ ಬಿದ್ದ ಹಪ್ಪಳದಂತಾಯಿತು.

"ಮತ್ತ ತ್ರಾಸೇನು?"

"ಬಸಣ್ಣ ಸರ್."

ಹೊಸದರ ಮಾತೆತ್ತಿದರೆ ಅವರು ಉರಿದು ಬೀಳುತ್ತಿದ್ದರಂತೆ. "ಇವತ್ತ ಇದು ಹೊಸದು. ನಾಳೆ ಮತ್ತೊಂದು ಬರ್ತೈತಿ. ರೈತರ ನೀರಿನ ಪಾಳಿ ನಿಂತ್ರ ಯಾರ ಉತ್ತರ ಕೊಡವ್ರು?" ಎಂದು ಎಲ್ಲರ ಮುಂದೆ ಕೇಳಿದ್ದರಂತೆ. ಆ ಮಾತಿನಲ್ಲಿ ಸುಳ್ಳಿಲ್ಲ ಎಂದು ಸಹನಾಳೇ ಹೇಳಿದಳು. "ನನಗ ಒಬ್ಬಾಕಿಗೇ ಬರೂ ಭಾಷೆದಾಗ ಬರದಿಟ್ಟು, ನಾ ಜಡ್ಡಾಗಿ ಮಲಕೊಂಡ್ರ? ಇಬ್ಬರಿಗರೆ ಬರಬೇಕು ಆಯಿ. ಇನ್ನೊಬ್ರು ಸರ್ ಆಗಬೇಕು. ನೀರಿನ ಲೆಕ್ಕ ಅವ್ರಿಗೆ ತಿಳದಂಗ ಯಾರಿಗೂ ತಿಳಿಯೂದಿಲ್ಲ." ಆದರೆ ಆವತ್ತು ಮಧ್ಯಾಹ್ನ ಸರ್ ಊಟದ ಡಬ್ಬಿ ಮುಚ್ಚುತ್ತ, "ನೀವು ಹೊಸದ ಹಿಡೀರಿ. ನಾ ಮುಂಡರಗಿಗೆ ಹೋಗಿ ಹೊಲ ಮಾಡ್ಕೊಂಡಿರ್ತೀನಿ" ಎಂದಿದ್ದರು. ಸಿಟ್ಟಿನಿಂದಲ್ಲ, ಮೆತ್ತಗೆ. ಹಾಗೆ ಮೆತ್ತಗೆ ಹೇಳಿದ್ದಕ್ಕೇ ಅವಳಿಗೆ ರೊಟ್ಟಿ ಇಳಿದಿರಲಿಲ್ಲ.

ಬೇಡ ಅಂದರೆ ರೈತರ ಕೆಲಸ ಹೋಗುತ್ತದೆ, ಹೂಂ ಅಂದರೆ ಗುರು ಹೋಗುತ್ತಾರೆ.

"ನೀ ಅವರಿಗೆ ಕಲಿಸ್ತೀನಿ ಅಂದೇನು?" ಎಂದು ಕೇಳಿದೆ.

"ನಾನ? ಅವರಿಗೆ?" ಎಂದಳು. ಆ ಎರಡು ಮಾತು ಕೇಳಿದ ಕೂಡಲೇ ನನ್ನ ಕಿವಿಯಲ್ಲಿ ಟಿಕ್ ಟಿಕ್ ಸಪ್ಪಳವಾಯಿತು. ಅತ್ತೆಯ ಗ್ಯಾಸಿನ ಸಂಗತಿ ಹೇಳಿದೆ. ಗಂಗವ್ವನನ್ನು ಗುಟ್ಟಾಗಿ ಒಪ್ಪಿಸಿದ್ದನ್ನೂ ಹೇಳಿದೆ. ಸಹನಾ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಆ ನೋಟ ನನಗೆ ಸರಿಬರಲಿಲ್ಲ.

"ಆಯಿ, ನೀ ಗಂಗವ್ವ ಆಗ್ತೀಯೇನು?"

"ಏ ಹೋಗ! ನನಗ ಭಾಗಾಕಾರ ಬರೂದಿಲ್ಲ."

"ಕಂಪ್ಯೂಟರಿಗೆ ಬರ್ತೈತಿ."

ಮನೆಗೆ ಗಂಡಸರು ಬಂದರೆ ನಾನು ಇಂದಿಗೂ ಒಳಗೆ ಹೋಗುವವಳು. ನಿಮ್ಮ ಅಜ್ಜ ಹೋದ ಮೇಲಂತೂ ಪಡಸಾಲೆಗೆ ಬರುವುದನ್ನೇ ಬಿಟ್ಟಿದ್ದೆ. ಅಂಥವಳು ಪರ ಗಂಡಸಿನ ಪಕ್ಕ ಕೂತು ಪಾಠ ಕಲಿಯುವುದೆ? ಬೇಡ ಎನ್ನಲು ಬಾಯಿ ತೆರೆದೆ. ಎಂದಿನಂತೆ ನನ್ನ ಮಾತು ಹೊರಡುವುದರೊಳಗೆ ಅವಳು ಫೋನು ಕಿವಿಗಿಟ್ಟಾಗಿತ್ತು.

"ಸರ್, ನಮ್ಮ ಆಯಿ ಕಂಪ್ಯೂಟರ್ ಕಲೀತೀನಿ ಅಂತ ಹಟ ಹಿಡದಾಳ್ರಿ. ಹೊಸದನ್ನ ಕಲಸು ಅಂತಾಳ. ನನಗ ನಿಮ್ಮಂಗ ತಿಳಿಸಿ ಹೇಳಾಕ ಬರೂದಿಲ್ಲ. ರವಿವಾರ ಒಂದೀಟು ಬಂದು ಕುಂಡ್ರತೀರೇನ್ರಿ?"

ಹಟ ಹಿಡಿದವಳು ಒಲೆಯ ಹತ್ತಿರ ಬೆವರುತ್ತಿದ್ದಳು.

ರವಿವಾರ ಮುಂಜಾನೆ ಬಸಣ್ಣ ಸರ್ ಬಂದರು. ಕೈಯಲ್ಲಿ ಮೆಂತ್ಯೆ ಪಲ್ಲೆಯ ಸಿವುಡು. ಸಹನಾ ಅಡುಗೆಮನೆಯ ನೆಲದ ಮೇಲೆ ಜಮಖಾನ ಹಾಸಿ, ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದಳು. ಆಫೀಸಿನಲ್ಲಾದರೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಇಲ್ಲಿ ಮೂವರಿಗೂ ಒಂದೇ ನೆಲ. ನಾನು ಜಮಖಾನದ ಅಂಚಿಗೆ, ಅರ್ಧ ನೆಲದ ಮೇಲೆ ಕೂತೆ.

"ಅವ್ವಾರ, ಈ ವಯಸ್ಸಿನ್ಯಾಗ ಇದರ ಹುಚ್ಚು ಹೆಂಗ ಹಿಡೀತ್ರಿ?" ಎಂದರು.

ನಾನು ಸಹನಾಳ ಮುಖ ನೋಡಿದೆ. "ಅಕಿಗೆ ಬಹಳ ದಿನದಿಂದ ಐತ್ರಿ ಸರ್" ಎಂದಳು ಆ ಹುಡುಗಿ, ಕಣ್ಣು ಮಿಟುಕಿಸದೆ.

ಮೊದಲ ಪಾಠ ನಮ್ಮ ಓಣಿಯ ನಳದ್ದು. ಬೆಟಗೇರಿಯಲ್ಲಿ ನೀರು ಯಾವಾಗ ಬಿಡುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಬಿಟ್ಟ ದಿನ ಯಾರ ಕೊಡ ಮೊದಲು, ಯಾರದು ಆಮೇಲೆ ಎಂದು ಕಂಪ್ಯೂಟರು ಹೇಳಬೇಕು. ರೈತರ ಪಾಳಿಯೇ ಅದು, ಕಾಲುವೆಯ ಬದಲಿಗೆ ನಳ. ಸಹನಾ ಹೊಸ ಭಾಷೆಯಲ್ಲಿ ಬರೆದು ತೋರಿಸುವಳು. ಸರ್ ಅದನ್ನು ಬಿಡಿಸಿ ನನಗೆ ಹೇಳುವರು. ಕಲಿಸುವವರ ಜಾಗದಲ್ಲಿ ಕೂತಿದ್ದರಿಂದ ಅವರ ಮುಖ ಅರಳಿತ್ತು. ಒಂದು ಕಡೆ ಮಾತ್ರ ತಡೆದರು. ಪರದೆಯನ್ನು ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ಹೇಳಿದರು:

"ಸಹನಾ, ಅವ್ವಾರಿಗೆ ಇದು ತಿಳಿಲಿಲ್ಲ ಅನಸ್ತೈತಿ. ಇನ್ನೊಮ್ಮೆ ಹೇಳವಾ."

ನನಗೆ ಅದರ ಹಿಂದಿನದೂ ತಿಳಿದಿರಲಿಲ್ಲ, ಅದರ ಮುಂದಿನದೂ ತಿಳಿಯುವಂತಿರಲಿಲ್ಲ. "ಹೌದವಾ, ತಿಳಿಲಿಲ್ಲ" ಎಂದೆ. ನನ್ನ ಆಯುಷ್ಯದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅಲ್ಲಿಂದ ಅದೇ ರೂಢಿಯಾಯಿತು. ಪ್ರತಿ ರವಿವಾರ ಪಾಠ. ನನಗೆ ತಿಳಿಯದ್ದು ನನ್ನದೇ, ಸರ್‌ಗೆ ತಿಳಿಯದ್ದೂ ನನ್ನದೇ. "ಅವ್ವಾರಿಗೆ ಇಲ್ಲಿ ಸಂಶೇ ಬಂತು." "ಅವ್ವಾರು ಕೇಳಾಕತ್ತಾರ, ಗೈರಹಾಜರ ಇದ್ದವ್ರ ಪಾಳಿ ಎಲ್ಲಿ ಹೋಗ್ತೈತಿ ಅಂತ." ಅವ್ವಾರು ಆಗ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದರು. ನನ್ನಷ್ಟು ದಡ್ಡ, ನನ್ನಷ್ಟು ಚುರುಕು ವಿದ್ಯಾರ್ಥಿ ಈ ಗದಗ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಹಾಗೆಂದು ನಾನೇನೂ ಕಲಿಯಲಿಲ್ಲ ಎಂದಲ್ಲ. ಒಂದು ದಿನ ಸಹನಾ ನನ್ನ ಬೆರಳು ಹಿಡಿದು ಕೀ ಒತ್ತಿಸಿದಳು. ಪರದೆಯ ಮೇಲೆ ನನ್ನ ಹೆಸರು ಬಂತು. ನಳದ ಪಾಳಿಯಲ್ಲಿ ನಾನೇ ಮೊದಲು! ಓಣಿಯಲ್ಲಿ ನನಗೆ ಎಂದೂ ಸಿಗದ ಜಾಗ ಅದು. ಅಲ್ಲಿ ಯಾರಾದರೂ ಕೊಡ ಮುಂದೆ ಚಾಚಿದರೆ ನಾನು ಹಿಂದೆ ಸರಿಯುತ್ತೇನೆ. "ತಪ್ಪಾಗೇತಿ, ತಗಿ" ಎಂದೆ. ಬಸಣ್ಣ ಸರ್ ನಕ್ಕು, "ಇರಲಿ ಬಿಡ್ರಿ ಅವ್ವಾರ, ಒಂದಿನರೆ ಮೊದಲ ತುಂಬ್ಕೋರಿ" ಎಂದರು.

ದಸರಾ ಹತ್ತಿರ ಬಂತು. ಒಂದು ರವಿವಾರ ಸಹನಾ ಹಾಲು ತರಲು ಹೋಗಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ. ನಾನು ಎದ್ದು ಹಿತ್ತಲಿಗೆ ಹೋಗಬೇಕೆನ್ನುವಷ್ಟರಲ್ಲಿ ಸರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಅವ್ವಾರ, ನಮ್ಮ ಅವ್ವಗ ಮೊಬೈಲ್ ಕಲಿಸಬೇಕಾದಾಗ ನಾನೂ ಹಿಂಗ ಮಾಡಿದ್ದೆ ನೋಡ್ರಿ. ತಮ್ಮನ ಹೆಂಡ್ತಿನ್ನ ಮುಂದ ಕುಂದ್ರಿಸಿ, ಅಕಿಗೆ ಹೇಳಿದಂಗ ಮಾಡಿ, ಅವ್ವನ ಕಿವಿಗೆ ಬೀಳೂಹಂಗ ಹೇಳಿದ್ದೆ."

ನನ್ನ ಕೈಯೊಳಗಿನ ಸೌಟು ಅಲ್ಲೇ ನಿಂತಿತು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೂ, ಯಾವ ಧೈರ್ಯವೋ ಕಾಣೆ, ಕೇಳಿದೆ:

"ಯಾವಾಗ ಗೊತ್ತಾತ್ರಿ?"

"ಮೊದಲನ ರವಿವಾರಾನ."

"ಮತ್ತ..."

"ಗೊತ್ತಾದ್ರೂ ಬಂದೆನಲ್ರಿ."

ಅಷ್ಟೇ ಹೇಳಿ ಕೀ ಒತ್ತತೊಡಗಿದರು. ಒತ್ತುತ್ತಲೇ, ನನಗೋ ತಮಗೋ ಎನ್ನುವ ಹಾಗೆ, "ಆ ಹುಡುಗಿಗೆ ಅಕ್ಷರ ತಿದ್ದಿಸಿದಂಗ ತಿದ್ದಿಸಿದೆ. ಅಕಿ ಮುಂದ ನನಗ ಬರೂದಿಲ್ಲ ಅನ್ನಾಕ ಮನಸ ಒಪ್ಪವಲ್ದಾಗಿತ್ತು" ಎಂದರು. ನಾನು ಅವಲಕ್ಕಿಯ ತಾಟನ್ನು ಅವರ ಮುಂದಿಟ್ಟೆ. ಅಂಚಿಗಲ್ಲ, ಜಮಖಾನದ ಮೇಲೆ ಸರಿಯಾಗಿ ಕೂತೆ. ಸಹನಾ ಹಾಲು ತಂದಳು. ನಾವಿಬ್ಬರೂ ಅವಳಿಗೆ ಏನೂ ಹೇಳಲಿಲ್ಲ. ಅವರು ಮತ್ತೆ "ಅವ್ವಾರಿಗೆ ಇಲ್ಲೆ ತಿಳಿಲಿಲ್ಲ" ಎಂದರು. ನಾನು "ಹೌದವಾ" ಎಂದೆ.

ಆ ವಾರ ಆಫೀಸಿನಲ್ಲಿ ಮಾಲೀಕರು ಎಲ್ಲರನ್ನೂ ಕೂಡಿಸಿದರು. ಹೊಸದಾಗಿ ಸೇರಿದ ಹುಡುಗ ಹುಡುಗಿಯರೂ ಇದ್ದರಂತೆ. ಸಹನಾ ಏನು ಹೇಳಬೇಕೆಂದು ಮುಂಜಾನೆ ಮನೆಯಿಂದ ಹೊರಡುವವರೆಗೂ ತೀರ್ಮಾನಿಸಿರಲಿಲ್ಲ. "ಸರ್ ಅಡಗಿಮನ್ಯಾಗ ಕಲತಾರ ಖರೆ. ಅಲ್ಲೆ ಎಲ್ಲಾರ ನಡುವ ನನ್ನ ಜೋಡಿ ಕುಂತು ಮಾಡ್ತಾರೋ ಇಲ್ಲೋ ಗೊತ್ತಿಲ್ಲ. ಮಾಡೂದಿಲ್ಲ ಅನ್ನೂಹಂಗಿದ್ರ ನಾ ಬ್ಯಾಡ ಅಂತೀನಿ" ಎಂದು ಚಪ್ಪಲಿ ಮೆಟ್ಟಿ ಹೋಗಿದ್ದಳು. ನಾನು ಇಡೀ ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತೆ. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡಿದೆ.

ಫೋನು ಬಂತು. ಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಳು, ಕೆಳಗಿನಿಂದ ಪ್ರೆಸ್ಸಿನ ಸಪ್ಪಳ ಕೇಳುತ್ತಿತ್ತು.

"ಆಯಿ..." ಎಂದಳು. ದನಿ ಒಡೆದಿತ್ತು.

"ಏನಾತವಾ? ಸರ್ ಹೊಂಟ್ರೇನು?"

"ಇಲ್ಲ. ನಾ ನೀರಿನ ಪಾಳಿದು ಎಲ್ಲಾರಿಗೂ ತೋರಸಾಕತ್ತಿದ್ದೆ. ನಡುವ ಸರ್ ಕೈ ಎತ್ತಿದ್ರು. ಸಾಲಿ ಹುಡುಗುರು ಎತ್ತತಾರಲ್ಲ, ಹಂಗ. ಮಾಲಕರು ಸುದ್ದಾ ನೋಡಿದ್ರು."

"ಎತ್ತಿ?"

"'ತಂಗಿ, ಇದು ನನಗ ತಿಳಿಲಿಲ್ಲ, ಇನ್ನೊಮ್ಮೆ ಹೇಳವಾ' ಅಂದ್ರು. ನನಗ ಅಂದ್ರು ಆಯಿ. ಎಲ್ಲಾರ ಮುಂದ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಹೇಳಿದೇನು?"

"ಹೇಳಿದೆ. ತಿಳೀತು ಅಂದ್ರು. ಆಮ್ಯಾಲ ನಾನು, ಈಗ ಹಿಡಿಯೂಣ್ರಿ ಅಂತ ಮಾಲಕರಿಗೆ ಹೇಳಿಬಿಟ್ಟೆ."

ಮುಂದಿನ ರವಿವಾರ ಸರ್ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು, ಎಂದಿನಂತೆ ಮೆಂತ್ಯೆ ಪಲ್ಲೆ ಹಿಡಿದುಕೊಂಡು. ಪಾಠ ನಡೆದಿದೆ, ಮಕ್ಕಳೇ. ಈಗ ಅವರು ತಮಗೆ ತಿಳಿಯದ್ದನ್ನು ತಾವೇ ಕೇಳುತ್ತಾರೆ. ನನ್ನ ಪಾಲಿನ 'ತಿಳಿಲಿಲ್ಲ' ಅರ್ಧಕ್ಕರ್ಧ ಕಡಿಮೆಯಾಗಿದೆ. ಉಳಿದ ಅರ್ಧ ಮಾತ್ರ ನನ್ನ ಸ್ವಂತದ್ದು, ಅದನ್ನು ನಾನೇ ಬಾಯಿಬಿಟ್ಟು ಕೇಳಬೇಕು.